ತುಂಗವ್ವ ಕುದುರೆ ಹತ್ತಿದ ಬೇಸಿಗೆ

ಆಗೆಲ್ಲ ಧಾರವಾಡದ ನಮ್ಮ ಓಣಿಯಲ್ಲಿ ಹೆಂಗಸರು ಎದುರಾದರೆ "ಊಟಾತೇನ್ರಿ?" ಎಂದು ಕೇಳುತ್ತಿರಲಿಲ್ಲ. "ನಿಮ್ಮನ್ಯಾಗ ತುಂಗವ್ವ ಎಲ್ಲೀತನಕಾ ಬಂದ್ಳು?" ಎಂದು ಕೇಳುತ್ತಿದ್ದರು. ಒಬ್ಬರ ಮನೆಯಲ್ಲಿ ತುಂಗವ್ವನಿಗೆ ಇನ್ನೂ ಮದುವೆಯೇ ಆಗಿರುತ್ತಿರಲಿಲ್ಲ. ಎದುರು ಮನೆಯಲ್ಲಿ ಅವಳ ಮಗನಿಗೆ ಹಲ್ಲು ಬಂದಿರುತ್ತಿತ್ತು. ತುಂಗಾ ಎಂಬವಳು ಒಂದು ದಪ್ಪ ಹಳೆಯ ಕಾದಂಬರಿಯ ನಾಯಕಿ. ಆ ಕಾದಂಬರಿ ಓಣಿಗೆಲ್ಲ ಒಂದೇ ಇತ್ತು.

ಒಂದು ಮನೆಗೆ ಹೋದ ಪುಸ್ತಕ ಆಗೆಲ್ಲ ಲಗೂನೆ ಹೊರಬೀಳುತ್ತಿರಲಿಲ್ಲ. ಅದಕ್ಕೆ ನಮ್ಮವ್ವ ಒಂದು ಉಪಾಯ ಮಾಡಿದಳು. ಅಪ್ಪ ಹಳೇ ಸಾಮಾನಿನವನಿಂದ ತಂದ ಎರಡು ಕಾದಂಬರಿಗಳಿದ್ದವು: ಒಂದು ತುಂಗವ್ವನ ಸಂಸಾರದ್ದು, ಇನ್ನೊಂದು ಯಾವಳೋ ರಾಣಿಯ ಯುದ್ಧದ್ದು. ಎರಡೂ ಒಂದೇ ಛಾಪಖಾನೆಯವು. ಅದೇ ಅಳತೆ, ಅದೇ ಅಕ್ಷರ, ಎರಡರದೂ ರಟ್ಟು ಕಿತ್ತಿತ್ತು. ಅವ್ವ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು, ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು, ಎರಡನ್ನೂ ಆರಾರು ಭಾಗ ಮಾಡಿ, ಕೌದಿ ಹೊಲಿಯುವ ಸೂಜಿಯಿಂದ ಬೇರೆ ಬೇರೆ ಹೊಲಿದಳು. ಸಂಸಾರ ನಮ್ಮ ಓಣಿಗೆ, ಯುದ್ಧ ಕೆಳಗಿನ ಓಣಿಗೆ. ಕೈಗೆ ಬಂದ ಭಾಗ ಓದುವುದು, ಮುಂದಿನ ಮನೆಗೆ ದಾಟಿಸುವುದು, ಶಾವಿಗೆ ಹೊಸೆಯಲು ಕೂಡಿದಾಗ ಕಥೆಯ ಹಿಂದುಮುಂದನ್ನು ಜೋಡಿಸಿಕೊಳ್ಳುವುದು. ಇದು ಪದ್ಧತಿ.

ಈ ಪದ್ಧತಿಗೆ ಒಗ್ಗದವಳು ಪಾರತ್ತಿ ಒಬ್ಬಳೇ. ಅಪ್ಪನ ತಂಗಿ, ಹುಬ್ಬಳ್ಳಿಯ ಗಂಡನ ಮನೆ ಬಿಟ್ಟು ಬಂದು ನಮ್ಮಲ್ಲಿದ್ದಳು. ಆಗಿದ್ದಿಷ್ಟು: ಅವಳು ಓದುತ್ತ ಕುಳಿತಾಗ ಬೇಳೆ ಸೀದಿತ್ತು, ಅವಳ ಅತ್ತೆ ಪುಸ್ತಕವನ್ನೇ ಒಲೆಗೆ ಹಾಕಿದ್ದಳು. "ಬ್ಯಾಳಿ ಹೊತ್ತಿದ್ದಕ್ಕ ನನ್ನ ಬೈಲಿ. ಪುಸ್ತಕ ಏನ್ ಮಾಡಿತ್ತು?" ಎಂದು ಬಂದವಳು ತಿರುಗಿ ಹೋಗಿರಲಿಲ್ಲ. ತಿಂಗಳಿಗೊಮ್ಮೆ ಅವಳ ಗಂಡ, ನಮ್ಮ ಮಾವ, ರೈಲಿನಲ್ಲಿ ಬಂದು, ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, "ಹಂಗಾರ ನಾ ಬರ್ಲೇನು?" ಎಂದು ನೆಲವನ್ನು ಕೇಳಿ, ಒಬ್ಬನೇ ಹೋಗುತ್ತಿದ್ದ.

ಪಾರತ್ತಿಗೆ ಕಥೆ ಸಾಲಾಗಿಯೇ ಬೇಕು. ಮೂರನೆಯ ಭಾಗದ ಕೊನೆಗೆ ತುಂಗವ್ವ, ಅತ್ತೆಯ ಕಾಟಕ್ಕೆ ತವರು ಸೇರಿದ್ದವಳು, ತಿರುಗಿ ಗಂಡನ ಮನೆಯ ಹೊಸ್ತಿಲಿಗೆ ಬಂದು ನಿಂತಿದ್ದಳು. ಕೊನೆಯ ಭಾಗವನ್ನೇ ಮೊದಲು ಓದಿ ಮುಗಿಸಿದ್ದ ಎದುರು ಮನೆಯ ಗಂಗಕ್ಕ, ಹತ್ತಿ ವ್ಯಾಪಾರಿಯ ಹೆಂಡತಿ, "ಕಡೀಕ ಅತ್ತಿ ಸೊಸಿ ಒಂದ ತಾಟಿನ್ಯಾಗ ಉಣ್ತಾರವ್ವಾ" ಎಂದು ಸಾರಿದ್ದಳು. ಇಬ್ಬರೂ ಹೇಗೆ ಕೂಡಿದರು ಎಂಬುದು ಮಾತ್ರ ನಾಲ್ಕನೆಯ ಭಾಗದಲ್ಲಿತ್ತು. ಅದನ್ನು ಮೂಲೆಮನೆಯ ಸೊಸೆ ಬಾಣಂತನಕ್ಕೆಂದು ತವರಿಗೆ ಒಯ್ದಿದ್ದಳು.

"ಅದು ಬರ್ಲಿ," ಎಂದಳು ಪಾರತ್ತಿ. "ತುಂಗವ್ವ ಹೆಂಗ ಒಳಗ ಹ್ವಾದ್ಲು ಅನ್ನೋದು ತಿಳದ ಮ್ಯಾಲ ನಾನೂ ಹೋಗೋದು ಬಿಡೋದು ನೋಡ್ತೇನಿ."

ಆಗ ನನಗೆ ಒಂಬತ್ತು ವರ್ಷ. ಚಿಂತೆ ಮಾಡುವುದರಲ್ಲಿ ಅರವತ್ತು. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಸುರುಳಿ ಮಾಡಿ ಕೊಡುವವಳು ಪಾರತ್ತಿ. ಗುಡುಗಿದರೆ ನಾನು ಹೊಕ್ಕುತ್ತಿದ್ದುದು ಅವಳ ಕೌದಿಯೊಳಗೆ. ಅವಳು ಹೋದರೆ ನನ್ನ ಗತಿಯೇನು ಎಂದು ಒಂದು ಚಿಂತೆ. ಹೋಗದಿದ್ದರೆ ಮಾವ ನೆಲ ನೋಡಿ ನೋಡಿ ಗೂನನಾಗುತ್ತಾನಲ್ಲ ಎಂದು ಇನ್ನೊಂದು.

ಕಡೆಗೆ ಮೂಲೆಮನೆಯ ಸೊಸೆ ಕೂಸಿನೊಂದಿಗೆ ನಾಲ್ಕನೆಯ ಭಾಗವನ್ನೂ ತಂದಳು. ಕೂಸು ಅವಳಿಗೆ ಓದಗೊಟ್ಟಿರಲಿಲ್ಲ. ಅಂದು ನಮ್ಮ ಅಂಗಳದಲ್ಲಿ ಶಾವಿಗೆ. ನಾದಿದ ಗೋಧಿಯ ಹಸಿ ವಾಸನೆ, ಕೋಲುಗಳ ಮೇಲೆ ಇಳಿಬಿದ್ದ ಎಳೆಗಳು; ಕಾಗೆ ಓಡಿಸಲು ಕೂಡಿಸಿದ್ದ ನಾನು ಕಾಗೆಗಿಂತ ಹೆಚ್ಚು ತಿನ್ನುತ್ತಿದ್ದೆ. ಪಾರತ್ತಿ ಕೈ ಒರೆಸಿಕೊಂಡು, ಮೂರನೆಯ ಭಾಗದ ಕೊನೆಯ ಸಾಲಿನಿಂದ ಎತ್ತಿಕೊಂಡಳು: "ತುಂಗೆಯು ಕಣ್ಣೊರೆಸಿಕೊಂಡು, ಸೆರಗನ್ನು ನಡುವಿಗೆ ಬಿಗಿದು..." ಹಾಳೆ ಬದಲಿಸಿದಳು. "...ಒರೆಯಿಂದ ಖಡ್ಗವನ್ನು ಹಿರಿದು, ಕುದುರೆಯ ಮೇಲೆ ಹಾರಿ ಕುಳಿತಳು!"

ಹೊಸೆಯುವ ಕೈಗಳೆಲ್ಲ ನಿಂತವು.

"ಎಲ್ಲೀ ಕುದುರಿ?" ಎಂದಳು ಫಾತಿಮಾಬಿ. ಅವಳ ಗಂಡನದು ಟಾಂಗಾ. ಕನ್ನಡ ಓದಲು ಬಾರದಿದ್ದರೂ ತುಂಗವ್ವನಿಗಾಗಿ ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ. "ನಿನ್ನೀತನಕಾ ಅಕೀ ಮನ್ಯಾಗ ಒಂದ್ ಎಮ್ಮಿ ಸೈತ ಇದ್ದಿಲ್ಲ."

"ಕಾದಂಬರ್ಯಾಗ ಹಂಗ ಬರತಾವ," ಎಂದಳು ಗಂಗಕ್ಕ.

"ಬರ್ಲಿ ಬಾಯಿ. ಅದಕ್ಕ ಹುಲ್ಲು ದಾಣಿ ಯಾರ ಹಾಕ್ತಾರ?"

"ಸುಮ್ನ ಕೇಳ ಫಾತಿಮಾ!"

ಮುಂದೆ ತುಂಗವ್ವನ ಹೆಸರೇ ಬದಲಾಗಿ ರತ್ನಾವತಿ ಎಂದಾಯಿತು. "ವ್ಯಾಷ ಹಾಕ್ಯಾಳ. ಹೆಸರೂ ಮುಚ್ಚಿಟ್ಟಾಳ" ಎಂದು ಅವ್ವ ತೀರ್ಪು ಕೊಟ್ಟಳು. ಮುತ್ತಿದ ಕೋಟೆ ಎಂದರೆ ಗಂಡನ ಮನೆ. ಕೋಟೆಯೊಳಗಿನ ಕ್ರೂರ ಸರದಾರ ಎಂದರೆ ಅತ್ತೆ.

"ಸರದಾರಗ ಮೀಸಿ ಐತೆಲ್ಲಾ?" ಎಂದಳು ಗಂಗಕ್ಕ.

"ನಮ್ಮತ್ತಿಗಿ ಇಲ್ಲೇನು?" ಎಂದಳು ಪಾರತ್ತಿ.

ಸರದಾರ ಶರಣಾದ. ಐದನೆಯ ಭಾಗದಲ್ಲಿ ತುಂಗವ್ವ ಗಂಡನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಅತ್ತೆ ಮೆತ್ತಗಾಗಿದ್ದಳು. ಎಲ್ಲ ಸರಿಹೊಂದಿತು. "ಕುದುರಿ ಎಲ್ಲಿ ಹೋತು?" ಎಂಬ ಫಾತಿಮಾಬಿಯ ಪ್ರಶ್ನೆಗೆ "ಮಾರ್ಯಾಳ" ಎಂದು ಗಂಗಕ್ಕ ಬಾಯಿ ಮುಚ್ಚಿಸಿದಳು.

ಮಾವ ಮುಂದಿನ ಸಲ ಬಂದಾಗ ಚಹಾ ಇನ್ನೂ ಕಪ್ಪು-ಬಸಿಯಲ್ಲೇ ಇತ್ತು, ಪಾರತ್ತಿ ಪೆಟ್ಟಿಗೆ ಹಿಡಿದು ಹೊರಗೆ ಬಂದಳು. ಸೆರಗು ನಡುವಿಗೆ ಬಿಗಿದಿತ್ತು. "ನಡೀರಿ." ಮಾವ ಚಹಾವನ್ನು ಧೋತರಕ್ಕೆ ಕುಡಿಸಿದ. ನಾನು ಅಳುವುದನ್ನು ಬಿಟ್ಟು ಅಡಿಗೆಮನೆಗೆ ಓಡಿದೆ, ಈಳಿಗೆ ಇದೆಯೋ ಒಯ್ದಿದ್ದಾಳೋ ನೋಡಲು. ಇತ್ತು. ಅಷ್ಟಕ್ಕೆ ಸಮಾಧಾನವಾಗಬೇಕಷ್ಟೆ? ಆಯುಧವಿಲ್ಲದೆ ಹೋದಳಲ್ಲ ಎಂದು ರಾತ್ರಿಯಿಡೀ ಒದ್ದಾಡಿದೆ. ಅವಳು ಒಯ್ದದ್ದು ನಾಲ್ಕನೆಯ ಭಾಗವನ್ನು.

ತಿಂಗಳ ಮೇಲೆ ಮಾವ ಒಬ್ಬನೇ ಬಂದ. ಆದರೆ ನೆಲ ನೋಡಲಿಲ್ಲ, ಅವ್ವನ ಮುಖ ನೋಡಿಯೇ ಹೇಳಿದ: "ನಮ್ಮವ್ವ ಪುಸ್ತಕಕ್ಕ ಕೈ ಹಾಕಾಕ ಬಂದ್ಳು ವೈನಿ. 'ಮುಟ್ಟಬ್ಯಾಡ್ರಿ' ಅಂದವಳ ಪಾರೂ ಪಡಸಾಲ್ಯಾಗ ಕುಂತು ಜೋರಾಗಿ ಓದಾಕ ಹತ್ತಿದ್ಲು. ಅವ್ವ ಒಳಗ ಸಿಟ್ಟಿಲೆ ಬೋಗೋಣಿ ನೆಲಕ್ಕ ಒಗದ್ಲು. ಇಕೀ ಇನ್ನೂ ಜೋರ್ ಓದಿದ್ಲು."

"ಆಮ್ಯಾಲ?"

"ಈಗ ಮಧ್ಯಾಹ್ನ ಬ್ಯಾಳಿ ಅವ್ವ ತಾನ ನೋಡ್ಕೋತಾಳ. ಒಳಗಿಂದನ ಕೇಳ್ತಾಳ, 'ಆ ಕುದುರಿ ಮುಂದೇನಾತು?'"

ಮಳೆ ಹಿಡಿದ ಮೇಲೆ ಕೆಳಗಿನ ಓಣಿಯ ಮಾಸ್ತರರ ಹೆಂಡತಿ ಯುದ್ಧದ ಪುಸ್ತಕ ಹಿಂದಿರುಗಿಸಲು ಬಂದರು. "ಭಾಳ ಛಲೋ ಐತ್ರಿ. ಆದ್ರ ರಾಣಿ ಯುದ್ಧ ಬಿಟ್ಟು ನಡುವ ಅತ್ತಿ ಕಾಲಿಗೆ ಬಿದ್ದು, ವರ್ಷಗಟ್ಟಲೆ ಬೀಸಿ ಕುಟ್ಟಿ ಅಳತಾಳ. ನಾವೆಲ್ಲಾ, ವೈರಿ ಅಡಿಗಿಮನ್ಯಾಗ ಗುಟ್ಟು ತಿಳಕೋಳಾಕ ಹೋಗ್ಯಾಳ ಅಂದ್ಕೊಂಡ್ವಿ."

ಅವ್ವ ಪುಸ್ತಕ ತೆರೆದು ನೋಡಿದಳು. ಪುಟದ ಅಂಕಿಗಳು ಎರಡರಲ್ಲೂ ಅವೇ. ಹಾಲು ನೋಡುತ್ತ ಹೊಲಿದವಳು ಎರಡು ಪುಸ್ತಕಗಳ ನಾಲ್ಕನೆಯ ಭಾಗವನ್ನು ಅದಲುಬದಲು ಮಾಡಿದ್ದಳು. ಖರೇ ತುಂಗವ್ವ ಖಡ್ಗ ಹಿರಿದಿರಲೇ ಇಲ್ಲ, ಕಾಲಿಗೆ ಬಿದ್ದಿದ್ದಳು. ಅವ್ವ ಹಣೆ ಬಡಿದುಕೊಂಡು ನಕ್ಕಳು. ನಾನು ಅವಳ ಸೆರಗು ಜಗ್ಗಿದೆ.

"ಪಾರತ್ತಿಗೆ ಹೇಳೂಣೇನವಾ?"

"ಬಾಯಿ ಮುಚ್ಚು. ಅಕೀ ಸಂಸಾರ ಹಳಿ ಹತ್ತೈತಿ. ತಪ್ಪ ಹೊಲಗಿ ಆದ್ರೂ ಬಿಚ್ಚೂದು ಬ್ಯಾಡ."

ಇಷ್ಟು ವರ್ಷಗಳ ಮೇಲೆ, ಮೊನ್ನೆ, ತುಂಗವ್ವನ ಆ ಕಾದಂಬರಿಯ ಹೊಸ ಮುದ್ರಣ ಸಿಕ್ಕಿತು. ಈಗ ಹಲ್ಲಿಲ್ಲದ ಪಾರತ್ತಿಗೆ ಒಯ್ದು ಕೊಟ್ಟೆ, ಕೊಟ್ಟ ಮೇಲೆ ನಿದ್ದೆಗೆಟ್ಟೆ. ಪೂರ್ತಿ ಓದಿ ತಿರುಗಿ ಕೊಟ್ಟಳು. "ಛಲೋ ಐತಿ. ಆದ್ರ ಇದನ್ನ ಯಾರೋ ಗಡಿಬಿಡ್ಯಾಗ ಹೊಲದಾರ ನೋಡು. ಕುದುರೀನ ಬಿಟ್ಟಾರ." ತಿಳಿದು ಅಂದಳೋ, ತಿಳಿಯದೆಯೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅವ್ವ ಇಲ್ಲ, ಗಂಗಕ್ಕ ಇಲ್ಲ, ಫಾತಿಮಾಬಿಯೂ ಇಲ್ಲ. ವಿದ್ಯಾನಗರದ ನನ್ನ ಮನೆಯಲ್ಲಿ ಗಾಜಿನ ಬಾಗಿಲಿನ ಕಪಾಟಿದೆ. ಗೆದ್ದಲಿನ ಚಿಂತೆಯೊಂದಿಗೆ ಎಲ್ಲ ಪುಸ್ತಕಗಳೂ ಪೂರ್ತಿ ಇವೆ. ನೆರೆಮನೆಯವರನ್ನು "ಈಗೇನ್ ಓದಾಕತ್ತೀರಿ?" ಎಂದು ಕೇಳಿದರೆ "ಯಾಕ್ರೀ?" ಎಂದು ಸಂಶಯದಿಂದ ನೋಡುತ್ತಾರೆ. ಹಾಗಾಗಿ ಒಬ್ಬನೇ ಓದುತ್ತೇನೆ, ಮೊದಲಿನಿಂದ, ಸಾಲಾಗಿ. ಕುದುರೆ ಬಂದರೆ ತಾನು ಬರಬೇಕಾದ ಪುಟದಲ್ಲೇ ಬರುತ್ತದೆ. ದಾಣಿ ಯಾರು ಹಾಕುತ್ತಾರೆ ಎಂದು ಕೇಳುವವರಿಲ್ಲ.