ಆಯಿಯ ಹೊಸ್ತಿಲಲ್ಲಿದ್ದ ಗುದ್ದಲಿ

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗಬಹುದು. ನನಗೆ ಮಾತ್ರ ಇವತ್ತು ಯಾರೋ ದೊಡ್ಡ ಮನುಷ್ಯ ಬರುತ್ತಿದ್ದಾನೆ ಅನಿಸುತ್ತದೆ. ಮೊನ್ನೆ ಅತ್ತೆಮನೆಯ ಊರಿಗೆ ಹೋದಾಗ ಹಾಗೇ ಆಯಿತು. ಓಣಿಯ ಬಾಯಿಯಲ್ಲಿ ಆಟೋ ಇಳಿದರೆ, ಗಟಾರದ ಎರಡೂ ಅಂಚಿಗೆ ರಂಗೋಲಿ ಎಳೆದಂತೆ ಬಿಳಿ ಪುಡಿ. ನಡುವೆ ಅದೇ ಕಪ್ಪು ರಾಡಿ. ಮುಂದೆ ಪೆಂಡಾಲು, ಪೆಂಡಾಲಿನ ಕೆಳಗೆ ಮಣೆ, ಮಣೆಯ ಮೇಲೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಮಲಗಿದ್ದ ಗುದ್ದಲಿ. ಅದನ್ನು ಕಂಡಕೂಡಲೇ ಎದುರುಮನೆಯ ಅಜ್ಜಿ, ಓಣಿಗೆಲ್ಲ ಆಯಿ, ಕಣ್ಣಮುಂದೆ ಬಂದು ನಿಂತಳು...

ಊರಿನ ಹೆಸರು ಹೇಳುವುದಿಲ್ಲ. ಕುಡಚಿ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹತ್ತಿದರೆ ಸಿಗುವ ಊರುಗಳಲ್ಲಿ ಒಂದು ಅಂದುಕೊಳ್ಳಿ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕೋಡಿಯಿಂದ ಮದುವೆಯಾಗಿ ಅಲ್ಲಿಗೆ ಬಂದೆ. ಆಯಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ಏ ಚಿಕ್ಕೋಡಿ" ಅನ್ನುತ್ತಿದ್ದಳು. ಕಬ್ಬಿನ ಹೊಲವಿದ್ದ ಮನೆ, ಗತ್ತಿನ ಹೆಂಗಸು. ಬೆಳಗಾದರೆ ಕಟ್ಟೆಯ ಮೇಲೆ ಕೂತು ಮಶೇರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಹಚ್ಚಿ ಹಲ್ಲು ತಿಕ್ಕುತ್ತ ಯಾರ ಅಂಗಳ ಹೇಗೆ ಗುಡಿಸಿದೆ ಅಂತ ಪಂಚಾಯಿತಿ ಮಾಡುತ್ತಿದ್ದಳು. ಅವಳ ಸೊಸೆಯರಿಗೆ ಅವಳೆಂದರೆ ನಡುಕ. ನನಗೂ ಮೊದಮೊದಲು ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಆ ಓಣಿಯಲ್ಲಿ ಕುಡಿಯುವ ನೀರಿನ ಪೈಪು ಗಟಾರದೊಳಗಿಂದಲೇ ಹಾದುಹೋಗಿತ್ತು. ಹಾಕಿದವನ ತಲೆಯಲ್ಲಿ ಏನಿತ್ತೋ. ಜೋಡಿಸಿದ ಕಡೆಯಲ್ಲೆಲ್ಲ ತುಕ್ಕು. ನಳಕ್ಕೆ ನೀರು ಬಿಟ್ಟಾಗ ಹೊರಗೆ ಸೋರುತ್ತಿತ್ತು, ನಿಲ್ಲಿಸಿದಾಗ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ನಾವು ಮೊದಲ ಕೊಡ ಚೆಲ್ಲಿ, ಮುಂದಿನದಕ್ಕೆ ಅರಿವೆ ಕಟ್ಟಿ ಸೋಸಿ ಕುಡಿಯುತ್ತಿದ್ದೆವು. ನಾನು ಬಂದ ವರ್ಷದ ಬೇಸಿಗೆಯಲ್ಲಿ ಆಯಿಯ ಮೊಮ್ಮಗಳಿಗೆ ಕಾಮಣಿ ಆಯಿತು. ಕಣ್ಣು ಅರಿಶಿನವಾದವು. ನಾಟಿ ಔಷಧ ಮಾಡಿ, ವಾಸಿಯಾಗದೆ ಕೊನೆಗೆ ಮಿರಜಿಗೆ ಒಯ್ದರು. ಎಂಥ ನೀರು ಕುಡಿಯುತ್ತೀರಿ ಅಂತ ಅಲ್ಲಿಯ ಡಾಕ್ಟರು ಕೇಳಿದರಂತೆ. ಹುಡುಗಿ ಉಳಿಯಲಿಲ್ಲ.

ಆಮೇಲೆ ಆಯಿಗೆ ಬೇಕಾದದ್ದು ಒಂದೇ. ಆ ಪೈಪನ್ನು ಗಟಾರದಿಂದ ಮೇಲೆತ್ತಬೇಕು. ಇನ್ನೊಂದು ಮಗುವಿನ ಕಣ್ಣು ಹಳದಿಯಾಗಬಾರದು. ಪುರಸಭೆಗೆ ಹೋಗಿ ಬಾಯಿಗೆ ಬಂದಂತೆ ಬೈದು ಬಂದಳು. ಬೈಗುಳಕ್ಕೆ ಹೆದರಿಯೋ ಏನೋ, ನಮ್ಮ ವಾರ್ಡಿನ ಮೆಂಬರ ಗಟಾರಕ್ಕೆ ಬಿಳಿ ಪುಡಿ ಎರಚಿಸಿ ಗುದ್ದಲಿ ಪೂಜೆ ಇಟ್ಟುಕೊಂಡ. ಆಯಿಯೇ ಮುಂದೆ ನಿಂತು ಆರತಿ ಮಾಡಿದಳು. ಅವನು ಗುದ್ದಲಿಯ ತುದಿಯನ್ನು ಮಗುವಿನ ಕೆನ್ನೆ ಮುಟ್ಟಿದ ಹಾಗೆ ನೆಲಕ್ಕೆ ಮುಟ್ಟಿಸಿ ಫೋಟೋ ಹೊಡೆಸಿಕೊಂಡ. ಪೇಡೆ ತಿಂದರು, ಕೈ ತೊಳೆದರು, ಗುದ್ದಲಿ ಟೆಂಪೋ ಹತ್ತಿ ಹೋಯಿತು. ಕೆಲಸ ಅಂತ ನಡೆದದ್ದು ಅಷ್ಟೇ.

ಹೊಸ ಪೈಪುಗಳೇನೋ ಬಂದವು. ಓಣಿಯಲ್ಲಿ ಬಿಸಿಲಿಗೆ ಬಿದ್ದುಕೊಂಡವು, ಅವುಗಳ ಸಂದಿಯಲ್ಲಿ ನಾಯಿ ಮರಿ ಹಾಕಿತು. ಒಂದು ದಿನ ನೋಡಿದರೆ ಪೈಪೂ ಇಲ್ಲ, ಮರಿಯೂ ಇಲ್ಲ. ಮೆಂಬರನ ದ್ರಾಕ್ಷಿ ತೋಟಕ್ಕೆ ಅದೇ ಪೈಪಿನಲ್ಲಿ ನೀರು ಹರಿಯುತ್ತಿದೆ ಅಂತ ಹಾಲಿನವನು ಸುದ್ದಿ ತಂದ. ಓಣಿಯ ಜನ ಕೇಳಿ ನಕ್ಕರು. "ಮನಿಷ್ಯಾ ಶಾಣ್ಯಾ ಅದಾನ" ಅಂದವರೂ ಇದ್ದರು. ಕದ್ದವನ ಮೇಲೆ ನನಗೆ ಸಿಟ್ಟು ಬಂತು, ಹೀಗೆ ನಕ್ಕವರನ್ನು ಕಂಡು ಹೇಸಿಗೆಯಾಯಿತು. ಇವತ್ತಿಗೂ ಆ ಹೇಸಿಗೆ ಹೋಗಿಲ್ಲ.

ಚುನಾವಣೆಯಾಗಿ ಬೇರೆ ಮೆಂಬರ ಬಂದ. ಮತ್ತೆ ಅದೇ ಜಾಗ, ಅದೇ ಬಿಳಿ ಪುಡಿ, ಅದೇ ಗುದ್ದಲಿ. ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ರೀತಿ. ಆಯಿ ಹಿತ್ತಾಳೆ ತಂಬಿಗೆಯಲ್ಲಿ ನಳದ ನೀರು ತಂದು ಮೆಂಬರನ ಮುಂದಿಟ್ಟಳು. ಅವನು ಒಂದು ಬೆರಳಿನಿಂದ ತಂಬಿಗೆಯನ್ನು ಮೆಲ್ಲಗೆ ಆಚೆ ಸರಿಸಿದ.

"ನೀರ ಬ್ಯಾಡ್ರಿ ಆಯಿ. ಚಾ ಆದ್ರ ನಡೀತೈತಿ."

ಆ ಬೆರಳನ್ನು ನಾನು ನೋಡಿದೆ, ಆಯಿಯೂ ನೋಡಿದಳು. ಆ ನೀರು ಎಂಥದೆಂದು ನಮ್ಮಷ್ಟೇ ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಬಂದು ತೆಂಗಿನಕಾಯಿ ಒಡೆಯುತ್ತಿದ್ದ. ಆಯಿ ಒಳಗೆ ಹೋಗಿ ಚಹಾ ಮಾಡಿ ತಂದಳು, ಆರತಿ ಮಾಡಿದಳು, ಫೋಟೋ ಆಗುವ ತನಕ ಕೈಕಟ್ಟಿ ನಿಂತಳು. ಪುರಸಭೆಯ ಪ್ಯೂನ ಗುದ್ದಲಿ ಎತ್ತಿಕೊಂಡು ಟೆಂಪೋ ಕಡೆ ಹೊರಟಾಗ ಅದರ ಮರದ ಕಾವಿಗೆ ಕೈ ಹಾಕಿ ಹಿಡಿದುಬಿಟ್ಟಳು.

"ಬಿಡ್ರಿ ಆಯಿ, ಅದು ಮುನಸಿಪಾಲ್ಟೀದು" ಅಂದ ಪ್ಯೂನ.

"ನಮ್ಮ ಮನಿತನದಾಗ ಪೂಜಿ ಆದ ಕೂರಿಗಿ ಒಂದ ಸಾಲರೆ ಬಿತ್ತಲಾರದ ಹೊಳ್ಳಿ ಮನಿಗೆ ಬರೂದಿಲ್ಲ. ಬಂದ್ರ ಕೇಡು. ಪೂಜಿ ಮಾಡೀರಿ, ನೆಲಾ ಅಗೀರಿ. ಅಗದ ಮ್ಯಾಲ ಒಯ್ರಿ."

ಅದು ಅವಳು ಆ ಗಳಿಗೆಗೆ ಹುಟ್ಟಿಸಿದ ಮಾತಲ್ಲ. ಬಿತ್ತನೆಯ ದಿನ ಅವರ ಮನೆಯಲ್ಲಿ ಕೂರಿಗೆಗೆ ಕುಂಕುಮವಿಟ್ಟು ಹೊಲಕ್ಕೆ ಒಯ್ಯುತ್ತಿದ್ದರು. ಮಳೆ ಬಂದು ಎತ್ತು ಕೆಸರಲ್ಲಿ ಹೂತರೂ ಒಂದು ಸಾಲು ಬಿತ್ತಿಯೇ ತಿರುಗುತ್ತಿದ್ದರು. ಅಲ್ಲಿ ಸೇರಿದವರೆಲ್ಲ ಒಕ್ಕಲುತನದವರೇ, ಹೌದೆಂದು ತಲೆ ಆಡಿಸಿದರು. ಮೆಂಬರ ಗಡಿಯಾರ ನೋಡಿಕೊಂಡು, "ಇರ್ಲಿ ಬಿಡ್ರಿ, ನಾಳೆ ಕೆಲಸ ಸುರು ಆಗತೈತಿ" ಅಂತ ಜೀಪು ಹತ್ತಿದ.

ಆ ನಾಳೆ ಬರಲಿಲ್ಲ. ಗುದ್ದಲಿ ಆಯಿಯ ಹೊಸ್ತಿಲ ಪಕ್ಕದಲ್ಲೇ ನಿಂತಿತು. ದಿನಾ ಬೆಳಿಗ್ಗೆ ಅವಳು ಅದಕ್ಕೆ ಕುಂಕುಮ ಹಚ್ಚಿ, ಹೋಗಿಬರುವವರಿಗೆ ಕೇಳುವ ಹಾಗೆ, "ಏಳಪ್ಪಾ, ಎಷ್ಟ ಮಲಗತಿ" ಅನ್ನುತ್ತಿದ್ದಳು. ಸಂತೆಗೆ ಬಂದ ಹಳ್ಳಿಯವರು ಏನಿದು ಅಂತ ಕೇಳಿದರೆ ಮೊಮ್ಮಗಳಿಂದ ಹಿಡಿದು ಆ ಬೆರಳಿನ ತನಕ ಎಲ್ಲವನ್ನೂ ಹೇಳುತ್ತಿದ್ದಳು. ತೆಲಸಂಗದ ಕಡೆಯ ಕುರಿಗಾರರು ಕೂಡ ಕೇಳಿಕೊಂಡು ಹೋಗಿ ತಮ್ಮ ಊರಲ್ಲಿ ಹೇಳಿದರು. ಮೆಂಬರನಿಗೆ ಅಂಗಿ ಒಳಗೆ ಇರುವೆ ಹೊಕ್ಕಂತಾಯಿತು. ಸರಕಾರಿ ಸಾಮಾನು ಇಟ್ಟುಕೊಂಡಿದ್ದಾಳೆ ಅಂತ ಪೊಲೀಸನನ್ನು ಕಳಿಸಿದ. ಆಯಿ ಪೊಲೀಸನಿಗೆ ಚಹಾ ಕೊಟ್ಟಳು.

"ಒಯ್ರಿ ಸಾಹೇಬ್ರ, ನಂದೇನ ಅಡ್ಡಿ ಇಲ್ಲ. ಇಲ್ಲೇ ಗಟಾರದ ಮಗ್ಗಲಾಗ ಒಮ್ಮಿ ಅಗದು ಒಯ್ರಿ."

ಅವನು ಚಹಾ ಕುಡಿದು ಮೀಸೆ ಒರೆಸಿಕೊಂಡು ಹೋದ.

ಇಷ್ಟಾದ ಮೇಲೆ ಊರ ಬಾಯಿ ಮುಚ್ಚಿಸಲು ಗಟಾರ ಕಟ್ಟುವ ಕೆಲಸ ಸುರುವಾಯಿತು, ಓಣಿಯ ಆಚೆ ತುದಿಯಿಂದ. ಕಲ್ಲು ಬಂತು, ಸಿಮೆಂಟು ಬಂತು. ಗಟಾರ ಚೆಂದವಾಗಿ ಮೆಂಬರನ ಮೈದುನನ ಮನೆಯ ತನಕ ಬಂದು ಅಲ್ಲಿಗೇ ನಿಂತಿತು. ಅಲ್ಲಿಯವರೆಗಿನ ಹೊಲಸೆಲ್ಲ ಈಗ ಸಲೀಸಾಗಿ ಹರಿದು ನಮ್ಮ ಪೈಪಿನ ಮೇಲೆ ಸುರಿಯತೊಡಗಿತು. ಉದ್ಘಾಟನೆಯನ್ನೂ ಮಾಡಿದರು! ಪುರಸಭೆಗೆ ಹೋಗೋಣ ಬರ್ರಿ ಅಂತ ಆಯಿ ಮನೆಮನೆಯ ಬಾಗಿಲು ಬಡಿದಳು. ಗುದ್ದಲಿಗೆ ಕೈಮುಗಿಯುತ್ತಿದ್ದವರೆಲ್ಲ ಒಳಗಿನಿಂದಲೇ "ಮನ್ಯಾಗ ಇಲ್ರಿ" ಅಂತ ಹೇಳಿಸಿದರು. ನಾನು ಹೋದೆ, ಅವಳ ಕಿರಿ ಸೊಸೆ ಬಂದಳು. ಪುರಸಭೆಯಲ್ಲಿ ಗುಮಾಸ್ತರು, ಸಾಹೇಬರು ಬೆಳಗಾವಿಗೆ ಹೋಗ್ಯಾರ ಅಂದರು. ಸಾಹೇಬರ ಧ್ವನಿ ಒಳಗಿನ ಕೋಣೆಯಿಂದ ಕೇಳುತ್ತಿತ್ತು... ಆಯಿ ಅಲ್ಲೇ ಬೆಂಚಿನ ಮೇಲೆ ಕೂತಳು. ಬಾಗಿಲು ಹಾಕುವ ಹೊತ್ತಿಗೆ, "ಏಳ ಚಿಕ್ಕೋಡಿ, ನಾಳೆ ಬರೂಣು" ಅಂದಳು.

ಹಾಗೆ ಬಹಳ ನಾಳೆಗಳು ಹೋದವು. ಒಂದು ಚಳಿಗಾಲದ ಬೆಳಿಗ್ಗೆ, ಮಶೇರಿಯ ಡಬ್ಬಿ ಕೈಯಲ್ಲಿದ್ದ ಹಾಗೇ, ಕಟ್ಟೆಯ ಮೇಲೆ ಆಯಿ ವಾಲಿಕೊಂಡಳು. ಎದೆನೋವು ಅಂದರು. ಅವರಲ್ಲಿ ಹೂಳುವ ಪದ್ಧತಿ. ಕುಣಿ ತೋಡಲು ಗಂಡಸರು ಹೊರಟರು. ತಾಯಿಯ ಎದುರು ಒಂದು ದಿನವೂ ದನಿ ಎತ್ತದ ಹಿರಿಮಗ ಹೊಸ್ತಿಲ ಪಕ್ಕದ ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡ.

"ತಮ್ಮಾ, ಅದು ಪೂಜಿ ಗುದ್ದಲಿ" ಅಂದರು ಯಾರೋ ಹಿರಿಯರು.

"ಅದಕ್ಕ ಒಯ್ಯಾಕತ್ತೀನಿ" ಅಂದ.

ಮಣ್ಣು ಮಾಡಿ ಬಂದ ಮೇಲೆ ಗುದ್ದಲಿಯನ್ನು ಅಂಗಳದಲ್ಲಿ ಇಟ್ಟಿದ್ದರು. ಅಲಗಿಗೆ ಕರಿ ಮಣ್ಣು ಮೆತ್ತಿಕೊಂಡಿತ್ತು. ಸಂಜೆಗೆ ಮೆಂಬರ ಬಿಳಿ ಅಂಗಿ ಹಾಕಿಕೊಂಡು ಬಂದ. ಕೈ ಜೋಡಿಸಿದ, ದೊಡ್ಡ ಜೀವ ಅಂದ, ಊರಿಗೇ ನಷ್ಟ ಅಂದ. ಎದ್ದು ಹೋಗುವಾಗ ಅವನ ಕಣ್ಣು ಗುದ್ದಲಿಯ ಮೇಲೆ ಬಿತ್ತು. ಒಂದು ಗಳಿಗೆ ನಿಂತು ಪ್ಯೂನನಿಗೆ ಹೇಳಿದ:

"ಟೆಂಪೋದಾಗ ಹಾಕು. ನೆಲಾ ಅಗದ ಮ್ಯಾಲ ಒಯ್ರಿ ಅಂತ ಆಯಿನ ಹೇಳಿದ್ಲಲ್ಲ. ಅಗದಾತು."

ಪ್ಯೂನ ಎತ್ತಿಕೊಂಡು ಹೋದ. ಸತ್ತ ಮನೆಯಲ್ಲಿ ಜಗಳ ತೆಗೆಯಬಾರದಂತೆ. ಅಷ್ಟು ಹೊಲಸು ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಮೊನ್ನೆ ಪೆಂಡಾಲಿನ ಕೆಳಗೆ ನಿಂತಿದ್ದವನು ಆ ಮೆಂಬರನ ಮಗ. ಗಟಾರದ ಕೆಲಸಕ್ಕೇ ಪೂಜೆ. ಅದೇ ಗುದ್ದಲಿಯೋ ಬೇರೆಯದೋ ಗೊತ್ತಿಲ್ಲ, ಬೆಳ್ಳಿ ಬಣ್ಣ ಬಳಿದಿದ್ದರು. ಒಮ್ಮೆ ನೆಲ ಅಗೆದು ಒಯ್ಯಪ್ಪಾ ಅಂತ ನಾನೇ ಹೋಗಿ ಹೇಳಿದೆ.

"ಕಾಕೂ, ಈಗ ಗುದ್ದಲೀಲೆ ಯಾರ ಅಗೀತಾರ್ರಿ? ಮಷಿನ್ ಬರತೈತಿ" ಅಂತ ನಕ್ಕು, ನೀರಿನ ಬಾಟಲಿ ಕೈಗಿಟ್ಟ. ಬಂದವರಿಗೆಲ್ಲ ಬಾಟಲಿಯೇ ಹಂಚುತ್ತಿದ್ದರು.

ಬಾಟಲಿಯನ್ನು ಅವನಿಗೇ ವಾಪಸು ಕೊಟ್ಟು ನಳದ ನೀರು ಕೇಳಿದೆ. ಎದುರುಮನೆಯ ಈಗಿನ ಸೊಸೆ ಹತ್ತಿರ ಬಂದು, ನನಗಷ್ಟೇ ಕೇಳುವ ಹಾಗೆ, "ಅದನ್ನ ಈಗ ಯಾರೂ ಕುಡಿಯೂದಿಲ್ರಿ ಕಾಕೂ, ಎಲ್ಲಾರೂ ಕ್ಯಾನ್ ತರಸ್ತೀವಿ" ಅಂದಳು. ಒಂದು ಓಣಿ ತನ್ನ ನಳದ ಮೇಲಿನ ಆಸೆಯನ್ನೇ ಬಿಟ್ಟಿತ್ತು. ಇನ್ನು ಯಾರು ಯಾರನ್ನು ಕೇಳಬೇಕು...

ಫೋಟೋ ಆಯಿತು, ಪೇಡೆ ಆಯಿತು. ಗುದ್ದಲಿ ಟೆಂಪೋ ಹತ್ತಿತು. ನಾನು ಆಯಿಯ ಹೊಸ್ತಿಲಿನ ಕಡೆ ನೋಡಿದೆ. ಗುದ್ದಲಿ ನಿಲ್ಲುತ್ತಿದ್ದ ಜಾಗದಲ್ಲಿ ಚಪ್ಪಲಿ ಇಡುವ ಸ್ಟ್ಯಾಂಡು ಇತ್ತು.