ಸರೋಜಾ ಆಂಟಿಯ ಧನುರ್ಮಾಸ

ಚಿಯರ್‌ಲೀಡಿಂಗ್ ಜಿಮ್ಮಿನಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದ ಹೆಂಗಸು ಇಡೀ ಟೆಕ್ಸಸ್‌ನಲ್ಲಿ ಸರೋಜಾ ಆಂಟಿ ಒಬ್ಬರೇ ಇದ್ದಿರಬೇಕು. ಫ್ರಿಸ್ಕೋದ ಆ ಜಿಮ್ಮಿನಲ್ಲಿ ಅಪ್ಪ ಅಮ್ಮಂದಿರು ಕೂರಲಿ ಅಂತ ಗಾಜಿನ ಗೋಡೆಯ ಒಂದು ಕೋಣೆ ಇತ್ತು. ಗಾಜಿನ ಆಚೆ ಎದೆ ನಡುಗಿಸುವ ಹಾಡು, ನೀಲಿ ಹಾಸಿನ ಮೇಲೆ ಲಾಗ ಹಾಕುವ ಹುಡುಗಿಯರು. ಈಚೆ ನಾವೆಲ್ಲ ಫೋನು ಉಜ್ಜುತ್ತ ಕೂತಿದ್ದರೆ, ಆಂಟಿ ಕಾಟನ್ ಸೀರೆಯ ಮೇಲೆ ಅಳಿಯನ ಹಳೇ ಫುಟ್‌ಬಾಲ್ ಜಾಕೆಟ್ ಹಾಕಿಕೊಂಡು, ಮಡಿಲಲ್ಲಿ ಹತ್ತಿ ಇಟ್ಟುಕೊಂಡು, ಪುಟ್ಟ ಡಬ್ಬಿಯ ಹಾಲಿಗೆ ಬೆರಳು ಅದ್ದಿ ಅದ್ದಿ ಬತ್ತಿಯ ತುದಿ ಹೊಸೆಯುತ್ತಿದ್ದರು. ಅಮೆರಿಕನ್ ಅಮ್ಮಂದಿರು ಇದೇನೋ ಕರಕುಶಲ ಕಲೆ ಅಂದುಕೊಂಡು ಕೇಳಿ ಇಸಕೊಳ್ಳುತ್ತಿದ್ದರು. ಒಬ್ಬಾಕೆ ಅದನ್ನು ಕ್ರಿಸ್‌ಮಸ್ ಮರಕ್ಕೆ ಕಟ್ಟಿ ಫೋಟೋ ತಂದು ತೋರಿಸಿದಳು. “ಇರಲಿ ಬಿಡು, ಅದೂ ದೀಪದ ಮರಾನ ಅಲ್ಲೇನು” ಅಂದರು ಆಂಟಿ.

ಅವರ ಕೈ ನಿಲ್ಲುತ್ತಿದ್ದದ್ದು ಮೊಮ್ಮಗಳು ಮೀರಾ ಮೇಲೆ ಏರಿದಾಗ ಮಾತ್ರ. ಈ ಆಟದಲ್ಲಿ ಮೂರು ಹುಡುಗಿಯರು ಸೇರಿ ಒಬ್ಬಳನ್ನು ಅಂಗೈಗಳ ಮೇಲೆ ನಿಲ್ಲಿಸಿ ಎತ್ತುತ್ತಾರೆ, ಗಾಳಿಗೆ ಎಸೆದು ಹಿಡಿಯುತ್ತಾರೆ. ಎಸೆಸಿಕೊಳ್ಳುವವಳು ಮೀರಾ. ಹಿಡಿಯುವ ಮೂವರಲ್ಲಿ ಒಬ್ಬಳು ನನ್ನ ಮಗಳು ತನ್ವಿ. ಮೀರಾ ಮೇಲಿರುವಷ್ಟು ಹೊತ್ತೂ ಆಂಟಿ ಉಸಿರು ಬಿಗಿಹಿಡಿದು ಕೂತು, ಅವಳು ಇಳಿದ ಮೇಲೆ “ಹೂಂ” ಅಂತ ಉಸಿರು ಬಿಟ್ಟು, ಮತ್ತೆ ಹತ್ತಿಗೆ ಕೈ ಹಾಕುತ್ತಿದ್ದರು.

ಧಾರವಾಡದಿಂದ ಮದುವೆಯಾಗಿ ಹ್ಯೂಸ್ಟನ್‌ಗೆ ಬಂದವರು. ಗಂಡ ಎಣ್ಣೆ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಆಂಟಿ ಫ್ರಿಸ್ಕೋಗೆ, ಡಾಕ್ಟರ್ ಆಗಿರುವ ದೊಡ್ಡ ಮಗಳು ವಿದ್ಯಾಳ ಮನೆಗೆ ಬಂದರು. ಬಂದ ವರ್ಷದೊಳಗೇ ನಮ್ಮ ಸುತ್ತಿನ ಕನ್ನಡದ ಮನೆಗಳಿಗೆಲ್ಲ ಅವರದೇ ಪಂಚಾಂಗ. ಮಾಡಬೇಕೋ ಬೇಡವೋ ಅಂತ ಆಂಟಿ ಯಾರಿಗೂ ಹೇಳುತ್ತಿರಲಿಲ್ಲ. “ಏನ್ ಮಾಡಬೇಕು ಅನ್ನೋದು ನಿಮಗ ಬಿಟ್ಟದ್ದು. ಯಾವಾಗ ಅನ್ನೋದು ನನಗ ಬಿಡ್ರಿ” ಅನ್ನುತ್ತಿದ್ದರು. ಇದನ್ನೆಲ್ಲ ಗೇಲಿ ಮಾಡುವ ನನ್ನ ಗಂಡ ಹೊಸ ಕಾರು ತರಲು ಹೋದ ದಿನ, ಆಂಟಿಯ ಫೋನು ಬಂತೆಂದು ರಾಹುಕಾಲ ಮುಗಿಯುವವರೆಗೆ ಶೋರೂಮಿನ ಕೆಟ್ಟ ಕಾಫಿ ಕುಡಿಯುತ್ತ ಕೂತಿದ್ದ. ನಾನು ಮೈಸೂರಿನವಳು, ಅರ್ಧ ನಂಬಿ ಅರ್ಧ ನಗುವ ಜಾತಿ. ಆದರೆ ಅಮ್ಮ ಸಾವಿರಾರು ಮೈಲಿ ದೂರ ಇರುವಾಗ ಹೀಗೆ ಗದರಿ ಹೇಳುವ ಒಂದು ದನಿ ಹತ್ತಿರ ಇರಲಿ ಅಂತ ನನಗೂ ಅನ್ನಿಸುತ್ತಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಜಿಮ್ಮಿನ ಹಳೆಯ ಕೋಚ್ ಬಿಟ್ಟುಹೋದಳು. ಅವಳ ಜಾಗಕ್ಕೆ ಬಂದ ಹುಡುಗನಿಗೆ ಗೆಲ್ಲುವುದೊಂದೇ ಗೊತ್ತಿತ್ತು. ಹಿಂದೆಲ್ಲ ಮಕ್ಕಳನ್ನು ಎಸೆಯುವಾಗ ದೊಡ್ಡವರು ಯಾರಾದರೂ ಪಕ್ಕದಲ್ಲಿ ಕೈಚಾಚಿ ನಿಲ್ಲುತ್ತಿದ್ದರು. ಇವನು ಬಂದ ಮೇಲೆ ಅದು ನಿಂತಿತು. ನೋವು ಅಂದವರಿಗೆ ಟೇಪು ಸುತ್ತಿಕೋ ಅನ್ನುತ್ತಿದ್ದ. ತನ್ವಿಯ ಮಣಿಕಟ್ಟು ಊದಿಕೊಂಡಿದ್ದ ಒಂದು ಸಂಜೆ ಹಾಗೇ ಅಂದ. ನಾನು ನೋಡೋಣ, ಮೇಲ್ ಬರೆಯೋಣ ಅಂತ ಲೆಕ್ಕ ಹಾಕುತ್ತಿರುವಾಗಲೇ ಆಂಟಿ ಎದ್ದು, ಚಪ್ಪಲಿ ಕಾಲಿನಲ್ಲೇ ಆ ನೀಲಿ ಹಾಸಿನ ಮೇಲೆ ನಡೆದುಬಿಟ್ಟರು. ನಮ್ಮೂರಲ್ಲಿ ಎತ್ತಿಗೆ ಗಾಯವಾದರೂ ನೊಗ ಇಳಿಸುತ್ತಾರೆ ಅಂತ ಅವನಿಗೆ ಇಂಗ್ಲಿಷಿನಲ್ಲೇ ಹೇಳಿದರು. ಅವನು ಬಹಳ ಮರ್ಯಾದೆಯಿಂದ ನಕ್ಕು, ಅಜ್ಜಿಯರು ಗಾಜಿನ ಆಚೆ ಇದ್ದರೆ ಒಳ್ಳೆಯದು ಅಂದ.

ಕಾರಿನಲ್ಲಿ ಆಂಟಿ ಸೀಟ್‌ಬೆಲ್ಟ್ ಎಳೆದುಕೊಳ್ಳುತ್ತ ಹೇಳಿದರು. “ಸುಮಾ, ಈ ಜಾಗ ಬಿಡಸೂಣು. ಇಬ್ಬರನ್ನೂ.”

ಹಿಂದಿನ ಸೀಟಿನಿಂದ ತನ್ವಿ ಶುರು ಮಾಡಿದಳು. “ಮಾಮ್, ಯು ಡೋಂಟ್ ಕ್ವಿಟ್ ಆನ್ ಯುವರ್ ಟೀಮ್.” ಅವಳು ಹೇಳಿದ್ದರಲ್ಲೂ ಅರ್ಥವಿತ್ತು. ಸೀಸನ್ ಮಧ್ಯೆ ಇಬ್ಬರು ಬಿಟ್ಟರೆ ಉಳಿದ ಮಕ್ಕಳ ಇಡೀ ಪಿರಮಿಡ್ಡೇ ಕುಸಿಯುತ್ತದೆ. ಜನವರಿ ಕೊನೆಗೆ ಹ್ಯೂಸ್ಟನ್‌ನಲ್ಲಿ ದೊಡ್ಡ ಸ್ಪರ್ಧೆ ಇತ್ತು. ಉಳಿದ ಅಮ್ಮಂದಿರು ಅಂಗಡಿಯಲ್ಲಿ ಸಿಕ್ಕರೂ ಮಾತಾಡಿಸುವುದಿಲ್ಲ ಅಂತಲೂ ನಮಗೆ ಗೊತ್ತಿತ್ತು. ನಾನೂ ವಿದ್ಯಾನೂ ಇದನ್ನೇ ಹಿಂದೆ ಮುಂದೆ ತಿರುಗಿಸುತ್ತ ವಾರಗಟ್ಟಲೆ ಫೋನಿನಲ್ಲಿ ಮಾತಾಡಿದೆವು. ಆಂಟಿ ಮಾತ್ರ ಬಿಡಲಿಲ್ಲ. ಫ್ಲವರ್ ಮೌಂಡ್ ಕಡೆಯ ಇನ್ನೊಂದು ಜಿಮ್ ಹುಡುಕಿಸಿ, ಡಿಸೆಂಬರಿನ ಒಂದು ಭಾನುವಾರ ನಮ್ಮನ್ನೆಲ್ಲ ಅಲ್ಲಿಗೆ ಹೊರಡಿಸಿದರು.

ಅಲ್ಲಿ ಪ್ರತಿ ಮಗುವಿನ ಪಕ್ಕದಲ್ಲೂ ದೊಡ್ಡವರೊಬ್ಬರು ನಿಂತಿದ್ದರು. ಆಂಟಿ ಬಹಳ ಹೊತ್ತು ನೋಡಿ, “ಇಲ್ಲೆ ಹಿಡಿಯೋ ಕೈ ಅವ” ಅಂದರು. ಆ ಕೋಚಮ್ಮ ಇಬ್ಬರಿಗೂ ಜಾಗವಿದೆ, ಬೇಕಾದರೆ ನಾಳೆಯೇ ಬನ್ನಿ ಅಂದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾಳೆ ಅಂದ ಕೂಡಲೇ ಆಂಟಿ ಬೆರಳು ಮಡಿಸಿದರು.

“ನಾಳೆ ಬ್ಯಾಡ. ಧನುರ್ಮಾಸ ಹತ್ತೇದ. ದೇವರ ಪೂಜಾ ಬಿಟ್ಟು ಹೊಸಾದೇನೂ ಹಿಡೀಬಾರದು. ಸಂಕ್ರಾಂತಿ ಆದ ಮರುದಿನ ಕರಕೊಂಡ ಬರೂಣು.”

“ಆಂಟಿ, ಇದೇನು ಗೃಹಪ್ರವೇಶನಾ?” ಅಂದೆ.

“ಮಕ್ಕಳ ಮೈ ಕೈ ಒಪ್ಪಸೂದು ಗೃಹಪ್ರವೇಶಕ್ಕಿಂತ ದೊಡ್ಡದವಾ. ಒಂದ ತಿಂಗಳ ಮಾತು. ತಾಳಿದವನು ಬಾಳಿಯಾನು.”

ನಾನು ವಿದ್ಯಾಳ ಮುಖ ನೋಡಿದೆ. ಅವಳು ಭುಜ ಹಾರಿಸಿ, “ಅಮ್ಮ ಹೇಳಿದ ಮ್ಯಾಲೆ ಆತು” ಅಂದಳು. ಕೋಚಮ್ಮನೂ ಸಂಕ್ರಾಂತಿಯವರೆಗೆ ಜಾಗ ಕಾದಿರಿಸಲು ಒಪ್ಪಿದಳು. ಅಲ್ಲಿಯವರೆಗೆ ಮಕ್ಕಳು ಹಳೇ ಜಿಮ್ಮಿಗೇ ಹೋಗಲಿ ಅಂತಾಯಿತು. ಅಂದಿನಿಂದ ಆಂಟಿ ದಿನಾ ಬೆಳಕು ಹರಿಯುವ ಮುಂಚೆ ಎದ್ದು ಹುಗ್ಗಿ ನೈವೇದ್ಯ ಮಾಡಿ, ಶಾಲೆಗೆ ಹೋಗುವ ದಾರಿಯಲ್ಲಿ ತನ್ವಿಗೂ ಒಂದು ಡಬ್ಬಿ ಕೊಟ್ಟು ಕಳಿಸುತ್ತಿದ್ದರು. ಒಂದು ದಿನ ಡಬ್ಬಿ ಕೊಡುವಾಗ, ಮಕ್ಕಳಿಗೆ ಏನೂ ಆಗದಿರಲಿ ಅಂತ ಬೇಡಿಕೊಂಡಿದ್ದೀನಿ ಅಂದರು.

ಸಂಕ್ರಾಂತಿಗೆ ಇನ್ನೊಂದು ವಾರ ಇತ್ತು. ಶನಿವಾರ ಬೆಳಿಗ್ಗೆಯ ಪ್ರಾಕ್ಟೀಸು. ಆ ಕೋಚ್ ಹುಡುಗ ಒಂದೇ ವರಸೆಯನ್ನು ಬಿಡುವು ಕೊಡದೆ ಮತ್ತೆ ಮತ್ತೆ ಮಾಡಿಸುತ್ತಿದ್ದ. ಮೀರಾಳನ್ನು ಎಸೆದರು. ಹಿಡಿಯುವವರಲ್ಲಿ ತನ್ವಿ ಎಡಗಡೆ ಇದ್ದಳು, ಬಲಗಡೆಯ ಹುಡುಗಿ ಸುಸ್ತಾಗಿ ತೂರಾಡಿದಳು. ಮೀರಾ ಆ ಕಡೆಗೇ ಬಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಮೊಣಕೈ ಮೊದಲು ನೆಲಕ್ಕೆ ಬಡಿಯಿತು. ಗಾಜಿನ ಈಚೆ ನಮಗೆ ಸದ್ದೇ ಕೇಳಿಸಲಿಲ್ಲ, ಹಾಡು ಇನ್ನೂ ಹಾಡುತ್ತಲೇ ಇತ್ತು. ಆಂಟಿ ಎದ್ದು ಓಡಿದರು.

ಆಸ್ಪತ್ರೆಯಲ್ಲಿ ಮೀರಾಳನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದ ಮೇಲೆ ವಿದ್ಯಾ ತಾಯಿಯ ಕಡೆ ತಿರುಗಿ, “ನಿನ್ನ ಧನುರ್ಮಾಸ ಆತಲ್ಲಮ್ಮಾ. ಇನ್ನ ಸಾಕು” ಅಂದಳು. ಕೂಗಲಿಲ್ಲ, ಮೆಲ್ಲಗೇ ಅಂದಳು. ಆಂಟಿ “ಹೌದವಾ” ಅಂದರು.

ಮೂಳೆ ಕೂಡಿತು, ಮತ್ತೊಂದು ಆಪರೇಷನ್ ಆಯಿತು, ಆದರೂ ಮೀರಾಳ ಕೈ ಪೂರ್ತಿ ನೆಟ್ಟಗಾಗಲಿಲ್ಲ. ನಾವು ತನ್ವಿಯನ್ನು ಬಿಡಿಸಿದೆವು. ಹೊಸ ಜಿಮ್ಮಿಗೂ ಸೇರಿಸಲಿಲ್ಲ, ಅವಳೇ ಬೇಡ ಅಂದಳು. ಸ್ವಲ್ಪ ದಿನ ಹವಾ ಬದಲಾಗಲಿ ಅಂತ ವಿದ್ಯಾ ಆಂಟಿಯನ್ನು ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿರುವ ತಂಗಿಯ ಮನೆಗೆ ಕಳಿಸಿದಳು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ.

ಬೇಸಿಗೆಯಲ್ಲಿ ಆಫೀಸಿನ ಕೆಲಸಕ್ಕೆ ಆಸ್ಟಿನ್‌ಗೆ ಹೋದಾಗ ಅವರನ್ನು ನೋಡಿ ಬಂದೆ. ಒಗ್ಗರಣೆ ಅವಲಕ್ಕಿ ಮಾಡಿಕೊಟ್ಟರು, ಉಪ್ಪು ಮರೆತಿದ್ದರು. ನಾನಿದ್ದಾಗಲೇ ಪಕ್ಕದ ಬೀದಿಯ ಒಬ್ಬಳು ಬಂದು, ಮಗುವಿಗೆ ಅನ್ನಪ್ರಾಶನ ಯಾವತ್ತು ಇಟ್ಟುಕೊಳ್ಳಲಿ ಆಂಟಿ ಅಂತ ಕೇಳಿದಳು.

“ನಿಮಗ ರಜಾ ಇದ್ದ ದಿನ ಮಾಡ್ರಿ. ನನ್ನ ಕೇಳಬ್ಯಾಡ್ರಿ” ಅಂದರು ಆಂಟಿ.

ಅವಳು ಹೋದ ಮೇಲೆ ನನ್ನ ತಟ್ಟೆ ಎತ್ತಿಕೊಳ್ಳುತ್ತ, “ಮೀರಾ ತನ್ನ ಜಡಿ ತಾನ ಹಾಕ್ಕೋತಾಳೇನು?” ಅಂತ ಕೇಳಿದರು.

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. “ಇಲ್ಲ ಆಂಟಿ. ಕೈ ಹಿಂದಕ್ಕೆ ಹೋಗಲ್ಲ. ವಿದ್ಯಾ ಹಾಕ್ತಾಳೆ.”

“ಖರೇ ಹೇಳಿದಿ, ಛಲೋ ಆತು. ಫೋನ್‌ನಾಗ ಎಲ್ಲಾರೂ ಆರಾಮ ಅದಾಳ ಅಂತಾರ.” ಒಳಗೆ ಹೋಗಿ ತಟ್ಟೆ ತೊಳೆದರು. ನಲ್ಲಿ ಬಹಳ ಹೊತ್ತು ಸುರಿಯಿತು. ಹೊರಡುವಾಗ ನಾನು, ಒಂದು ಸಲ ಫ್ರಿಸ್ಕೋಗೆ ಬನ್ನಿ, ನಾನೇ ಕಾರಲ್ಲಿ ಕರಕೊಂಡು ಹೋಗ್ತೀನಿ ಅಂದೆ. “ವಿದ್ಯಾ ಕರೀಲಿ, ಬರ್ತೀನಿ” ಅಂದರು.

ವಿದ್ಯಾ ಕರೆಯಲಿಲ್ಲ. ನವರಾತ್ರಿಯ ಹೊತ್ತಿಗೆ ಆಂಟಿ ಹೃದಯ ನಿಂತು ಹೋಗಿಬಿಟ್ಟರು.

ಆಸ್ಟಿನ್ನಿನ ಫ್ಯೂನರಲ್ ಹೋಮಿನಲ್ಲಿ ಎಲ್ಲ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ವಿದ್ಯಾ ನನ್ನ ಕೈ ಹಿಡಿದುಕೊಂಡಳು. ಮೀರಾ ಆಗಲೇ ಕಾರಿನಲ್ಲಿ ಕೂತಿದ್ದಳು.

“ಸುಮಾ, ಅವತ್ತ ಅಮ್ಮ ನಾಳೆನ ಸೇರಸೂಣು ಅಂದಿದ್ರೂ ನಾ ಸೇರಸ್ತಿರಲಿಲ್ಲ. ಹ್ಯೂಸ್ಟನ್ ಕಾಂಪಿಟಿಷನ್‌ಗೆ ನನ್ನ ಸ್ಕೂಲ್ ಫ್ರೆಂಡ್ಸ್‌ನ್ನೆಲ್ಲ ಕರದಿದ್ದೆ. ನಾ ಬೆಳದ ಊರಾಗ ಮೀರಾ ಮ್ಯಾಲೆ ನಿಂತದ್ದು ಎಲ್ಲಾರೂ ನೋಡಲಿ ಅಂತ ಆಸೆ ಇತ್ತು. ಹೆಂಗ ಮುಂದಕ್ಕ ಹಾಕಲಿ ಅಂತ ನೆವ ಹುಡುಕತಿದ್ದೆ. ಅಷ್ಟರಾಗ ಅಮ್ಮ ಧನುರ್ಮಾಸ ಅಂದ್ಲು. ನನಗ ಅನುಕೂಲ ಆತು. ಸಂಕ್ರಾಂತಿ ಆದ ಮ್ಯಾಲಿನ ಎರಡ ವಾರಕ್ಕ ಬ್ಯಾರೆ ನೆವ ಹೇಳಿದ್ರಾತು ಅನ್ಕೊಂಡಿದ್ದೆ.”

“ಇದನ್ನ ಆಂಟಿಗೆ ಹೇಳಿದ್ಯಾ?”

“ಇಲ್ಲ” ಅಂದಳು.

ಜೋರಾಗಿ ಅಳತೊಡಗಿದಳು. ನನಗೆ ಬಂದದ್ದು ಸಿಟ್ಟು. ಕೈ ಬಿಡಿಸಿಕೊಂಡು ಬಂದು ಕಾರು ಹತ್ತಿದೆ.