ಅತ್ತಿ ಬರಬೇಕಿದ್ದ ಆಟ

ಯಾವ ಸಿನಿಮಾ ಎಷ್ಟು ಗಳಿಸಿತು ಎಂದು ಬೀದರಿನ ನಮ್ಮ ಸಾಲೆಯ ಸ್ಟಾಫ್ ರೂಮಿನಲ್ಲಿ ಮಾತು ಶುರುವಾದರೆ ನಾನು ಚಹಾದ ಕಪ್ಪು ಹಿಡಿದು ಹೊರಗೆ ಬಂದುಬಿಡುತ್ತೇನೆ. ಮೇಡಂಗೆ ಸಿನಿಮಾ ಅಂದರೆ ಅಲರ್ಜಿ ಎಂದು ನಗುತ್ತಾರೆ. ನಗಲಿ. ಗಳಿಕೆ ನಿರ್ಮಾಪಕನದು, ಹಿಗ್ಗು ಇವರದು. ನನಗಂತೂ ಮೈ ಉರಿಯುತ್ತದೆ.

ನನ್ನ ಅತ್ತಿ, ಅಂದರೆ ಅಪ್ಪನ ಅಕ್ಕ, ಔರಾದ ತಾಲೂಕಿನ ಡಾಬಕಾದಲ್ಲಿದ್ದಳು. ಬೆಂಗಳೂರಿನ ಹುಡುಗರ ಗುಂಪೊಂದು ಸಣ್ಣ ಸಿನಿಮಾ ಮಾಡಲು ಆ ಊರಿಗೆ ಬಂತು. ಮೊದಲು ಅತ್ತಿಯ ಅಂಗಳ ಅವರಿಗೆ ಹಿಡಿಸಿತು, ಆಮೇಲೆ ಅತ್ತಿಯೇ ಹಿಡಿಸಿದಳು. ರೊಟ್ಟಿ ಬಡಿಯುತ್ತ ನಾಯಕನಿಗೆ ಬೈಯುವ ದೃಶ್ಯ ಅವಳಿಗೆ ಕೊಟ್ಟರು. ಬರೆದು ತಂದ ಮಾತು ಓದಿ ಹೇಳಿದರೆ, ಹೀಂಗ ಯಾರು ಬೈತಾರ ಅಂತ ಅದನ್ನು ಬಿಟ್ಟು ತನ್ನ ಬೈಗುಳವನ್ನೇ ಬೈದಳಂತೆ. ನಿರ್ದೇಶಕ ಹೊಟ್ಟೆ ಹಿಡಿದು ನಕ್ಕು ಅದನ್ನೇ ಇಟ್ಟುಕೊಂಡ. ಶೂಟಿಂಗ್ ಹೊತ್ತಿಗೆ ಎಲ್ಲರ ಫೋನು ಇಸಿದುಕೊಂಡಿದ್ದರಿಂದ ನಮ್ಮ ಹತ್ತಿರ ಅದರ ಒಂದು ತುಣುಕೂ ಇಲ್ಲ. ಸಿನಿಮಾ ಹೊರಬರುವ ಮೊದಲೇ ಅತ್ತಿ ಹೋಗಿಬಿಟ್ಟಳು. ಅವಳ ಗಂಡ, ನನ್ನ ಮಾವನ ಪಾಲಿಗೆ ಉಳಿದದ್ದು ಆಧಾರ್ ಕಾರ್ಡಿನ ಫೋಟೋ. ಅದರಲ್ಲಿ ಅವಳು ಯಾರೋ ಬೇರೆ ಹೆಂಗಸಿನ ಹಾಗೆ ಕಾಣುತ್ತಾಳೆ.

"ಆಕಿ ಮಾರಿ ಕಾಣದಿದ್ರೂ ನಡೀತದ," ಅಂದಿದ್ದ ಮಾವ. "ಕಣ್ಣಾಗ ಪೊರಿ ಬಂದದ, ಹ್ಯಾಂಗೂ ಮಬ್ಬು ಮಬ್ಬೇ. ಆಕಿ ದನಿ ಒಂದ್ಸಲ ಕೇಳಬೇಕು ನನಗ."

ಔರಾದಿನ ಹಳೆಯ ಟಾಕೀಸು ಯಾವತ್ತೋ ಮದುವೆ ಹಾಲ್ ಆಗಿತ್ತು. ಬೀದರಿನಲ್ಲಿ ಆ ಸಣ್ಣ ಸಿನಿಮಾವನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಭಾಲ್ಕಿಯ ಟಾಕೀಸಿನವನೊಬ್ಬ ಶುಕ್ರವಾರ ಮುಂಜಾನೆಯ ಒಂದು ಆಟ ಕೊಡುತ್ತೇನೆಂದ. ನಾನು ಹಿಂದಿನ ದಿನವೇ ಬೀದರಿನ ಚಿದ್ರಿಯಲ್ಲಿರುವ ನನ್ನ ಮನೆಗೆ ಬೀಗ ಹಾಕಿ ಡಾಬಕಾಕ್ಕೆ ಹೋದೆ. ಬೆಳಗ್ಗೆ ಭಾಲ್ಕಿಗೆ ಹೊರಟ ಟೆಂಪೋದಲ್ಲಿ ಊರ ಮಂದಿ ತುಂಬಿ ಕಾಲಿಡಲು ಜಾಗವಿರಲಿಲ್ಲ. ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು ಡ್ರೈವರನ ಪಕ್ಕ ಮದುಮಗನಂತೆ ಕೂತಿದ್ದ. ಸಂತಪುರದಲ್ಲಿ ಚಹಾ ಕುಡಿಸಿದವನಿಗೂ ನಮ್ಮಾಕಿ ಪಿಚ್ಚರಿಗೆ ಹೊಂಟೀವಿ ಎಂದು ಹೇಳಿದ.

ಭಾಲ್ಕಿಯಲ್ಲಿ ಇಳಿದರೆ ಟಾಕೀಸಿನ ಎದುರು ಮುಗಿಲೆತ್ತರದ ಕಟೌಟು, ಕಿವಿ ಹರಿಯುವ ಡಿಜೆ. ಹಾಲಿನ ಪಾಕೀಟು ಹರಿದು ಹರಿದು ಕಟೌಟಿನ ಮೇಲೆ ಸುರಿಯುತ್ತಿದ್ದರು. ಐದು ಭಾಷೆಯಲ್ಲಿ ಒಂದೇ ದಿನ ಬಿಡುಗಡೆಯಾದ ದೊಡ್ಡ ಸಿನಿಮಾ. ನಮ್ಮ ಸಿನಿಮಾದ ಪೋಸ್ಟರಿನ ಮೇಲೆಯೇ ಅದರ ಪೋಸ್ಟರ್ ಬಡಿದಿದ್ದರು.

ಮ್ಯಾನೇಜರನನ್ನು ಹಿಡಿದು ಕೇಳಿದೆ. ದೊಡ್ಡ ಸಿನಿಮಾದ ಹಂಚಿಕೆದಾರರು ಎಲ್ಲ ಆಟವನ್ನೂ ತಮಗೇ ಕೇಳಿದರಂತೆ. ಒಂದು ಆಟ ಬೇರೆಯವರಿಗೆ ಕೊಟ್ಟರೂ ಅದನ್ನು ಕೊಡುವುದಿಲ್ಲ ಅಂದರಂತೆ. ಹಿಂದೆ ರೀಲಿನ ಡಬ್ಬಿ ಊರಿಂದ ಊರಿಗೆ ಬಸ್ಸಿನಲ್ಲಿ ಬರುತ್ತಿತ್ತು. ಹುಬ್ಬಳ್ಳಿ, ಕಲಬುರಗಿ ಮುಗಿಸಿ ಭಾಲ್ಕಿಗೆ ಮುಟ್ಟುವಾಗ ಅದಕ್ಕೆ ವಯಸ್ಸಾಗಿರುತ್ತಿತ್ತು, ನಡುವೆ ಸಣ್ಣ ಸಿನಿಮಾಗಳಿಗೂ ಉಸಿರಾಡಲು ಜಾಗವಿತ್ತು. ಈಗ ಒಂದೇ ಮುಂಜಾನೆ ದೇಶದ ಎಲ್ಲ ಪರದೆಯ ಮೇಲೂ ಒಂದೇ ಸಿನಿಮಾ ಇಳಿಯುತ್ತದೆ. ಮಂದಿ ಚೆನ್ನಾಗಿದೆಯೋ ಇಲ್ಲವೋ ಎನ್ನುವುದರೊಳಗೆ ದುಡ್ಡು ಬಾಚಿಕೊಂಡು ಹೋಗಿರುತ್ತದೆ.

ನಾನು ಬಾಯಿಗೆ ಬಂದದ್ದು ಬೈದೆ. ಮ್ಯಾನೇಜರ್ ಸಿಟ್ಟಾಗಲಿಲ್ಲ.

"ಮೇಡಂ, ನಿಮ್ಮಂಥ ಪಿಚ್ಚರ್ ಹಾಕಿದಾಗ ಖುರ್ಚಿ ಖಾಲಿ ಇರ್ತಾವರಿ. ಖುರ್ಚಿಗಿ ಪಿಚ್ಚರ್ ತೋರಿಸಿ ನಾ ಹ್ಯಾಂಗ ಬದಕಲಿ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ತಿರುಗಿ ನೋಡಿದರೆ ನಮ್ಮ ಟೆಂಪೋದ ಮಂದಿಯೆಲ್ಲ ಟಿಕೇಟಿನ ಸಾಲಿನಲ್ಲಿ! ತಿಂಗಳಿಂದ ಆ ಸಿನಿಮಾದ ಹಾಡು ಎಲ್ಲರ ಫೋನಿನಲ್ಲಿ ಕುಣಿಯುತ್ತಿತ್ತು, ದರ ದುಪ್ಪಟ್ಟಾಗಿದ್ದರೂ ಯಾರೂ ಹಿಂದೆ ಸರಿಯಲಿಲ್ಲ. ಎಲ್ಲರಿಗಿಂತ ಮುಂದೆ ಅತ್ತಿಯ ಮಗನೇ ನಿಂತಿದ್ದ. ಇಷ್ಟು ದೂರ ಬಂದು ಸುಮ್ಮನೆ ಹೋಗುವುದೇನು, ಅಪ್ಪನಿಗೆ ನಾನು ತಿಳಿಸಿ ಹೇಳುತ್ತೇನೆ ಅಂದ. ನಂಬಿದೆ. ಹೆಂಗಸರ ಜೊತೆ ಹಿಂದೆ ಕೂತೆ, ಮಾವ ಮಗನ ಜೊತೆ ಮುಂದೆ.

ಸಿನಿಮಾದಲ್ಲಿ ಏನಿತ್ತು? ಹೊಡೆತ, ಬೆಂಕಿ, ತಾಯಿಯ ಮೇಲೆ ಆಣೆ, ಮತ್ತೆ ಹೊಡೆತ. ನಾಯಕ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದ. ನಮ್ಮ ಕಡೆಯ ಮಾತು ಬಂದದ್ದು ಒಬ್ಬಳ ಬಾಯಲ್ಲಿ ಮಾತ್ರ, ಖಳನ ಮನೆಯಲ್ಲಿ ರೊಟ್ಟಿ ಸುಡುವ ಪೆದ್ದು ಮುದುಕಿಯ ಬಾಯಲ್ಲಿ. ಮಾತುಮಾತಿಗೂ ಎಳೆದೆಳೆದು 'ರಿ' ಹಚ್ಚುತ್ತಿದ್ದಳು. ಖಳ ಅವಳ ಕಪಾಳಕ್ಕೆ ಬಾರಿಸಿದ, ರೊಟ್ಟಿ ಬುಟ್ಟಿ ಚೆಲ್ಲಾಪಿಲ್ಲಿಯಾಯಿತು. ಟಾಕೀಸಿಗೆ ಟಾಕೀಸೇ ಗೊಳ್ಳೆಂದು ನಕ್ಕಿತು. ನನ್ನ ಪಕ್ಕದ ಹೆಂಗಸರೂ ನಕ್ಕರು.

ಮುಂದಿನ ಸಾಲಿನಲ್ಲಿ ಮಾವ ಎದ್ದು ನಿಂತ.

"ಆಕಿಗಿ ಯಾಕ ಹೊಡೀತಾರ?" ಅಂದ. "ನೀವೆಲ್ಲಾ ಯಾಕ ನಗ್ತೀರಿ?"

ಏ ಮುತ್ಯಾ, ಕುಂದ್ರು ಎಂದು ಹಿಂದಿನಿಂದ ಕೂಗಿದರು. ಮಗ ಪರದೆಯಿಂದ ಕಣ್ಣು ತೆಗೆಯದೆ ಅಪ್ಪನ ಅಂಗಿ ಹಿಡಿದು ಜಗ್ಗುತ್ತಿದ್ದ. ತಿಳಿಸಿ ಹೇಳುತ್ತೇನೆ ಅಂದವನು ಅಪ್ಪನಿಗೆ ಏನೂ ಹೇಳಿರಲಿಲ್ಲ. ಅಷ್ಟು ಹೊತ್ತೂ ಮಾವ ಆ ಗದ್ದಲದಲ್ಲಿ ಹೆಂಡತಿಯ ದನಿಗಾಗಿ ಕಿವಿಗೊಟ್ಟು ಕೂತಿದ್ದ. ಮಂದಿಯ ಮೊಣಕಾಲು ತುಳಿಯುತ್ತ ಹೋಗಿ ಅವನ ಕೈ ಹಿಡಿದು ಹೊರಗೆ ಕರೆತಂದೆ.

ಮೆಟ್ಟಿಲ ಮೇಲೆ ಕೂತು ನಿಜ ಹೇಳಿದೆ. ಆಕಿ ಅತ್ತಿ ಅಲ್ಲ, ಅತ್ತಿ ಪಿಚ್ಚರ್ ಇವತ್ತು ಹಾಕಿಲ್ಲ ಅಂದೆ. ಮಾವ ಬಹಳ ಹೊತ್ತು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ.

"ಅಲ್ಲಂದ್ರ ಚಲೋ ಆಯ್ತು. ಹೊಡಿಸ್ಕೊಂಡು ಸುಮ್ಮ ಕೂಡೋ ಹೆಂಗಸೇನ ಆಕಿ?" ಅಂದ. ಆಮೇಲೆ ಕೇಳಿದ, "ಮತ್ತ ಆಕಿದು ಯಾವಾಗ ಹಾಕ್ತಾರ?"

ಒಳಗಿನಿಂದ ನಮ್ಮೂರವರ ಸೀಟಿ ಕೇಳುತ್ತಿತ್ತು. ಮುಂದಿನ ವಾರ ಎಂದೆ.

ಅತ್ತಿಯಿದ್ದ ಆ ಸಿನಿಮಾ ಎಲ್ಲಿಗೂ ಬರಲಿಲ್ಲ. ಫೋನಿನಲ್ಲಿ ಸಿನಿಮಾ ತೋರಿಸುವ ಕಂಪನಿಗಳೂ, ದೊಡ್ಡ ಹೆಸರಿಲ್ಲ ಎಂದು ಅದನ್ನು ಕೊಳ್ಳಲಿಲ್ಲವಂತೆ. ಅತ್ತಿಯ ತುಣುಕನ್ನಾದರೂ ಕೊಡು ಎಂದು ನಿರ್ದೇಶಕನಿಗೆ ಕೈಮುಗಿದು ಕೇಳಿದೆ. ಎಲ್ಲವೂ ದುಡ್ಡು ಹಾಕಿದವನ ಹತ್ತಿರ ಇದೆ, ಅವನು ಕೊಡುತ್ತಿಲ್ಲ ಅಂದ. ಈಗ ನಿರ್ದೇಶಕ ನನ್ನ ಫೋನೇ ಎತ್ತುವುದಿಲ್ಲ.

ಮಾವ ಮಾತ್ರ ಬೀದರಿಗೆ ಬಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡ. ನಾನು ಡಾಬಕಾಕ್ಕೆ ಹೋದಾಗಲೆಲ್ಲ ನನ್ನನ್ನು ಎದುರಿಗೆ ಕೂಡಿಸಿಕೊಂಡು ಅದೇ ಮಾತು ಹೇಳುತ್ತಾನೆ.

"ಈಗ ಮಾರಿನೂ ಕಾಣ್ತದ ನನಗ. ಯಾವಾಗ ಹಾಕ್ತಾರ, ಜರಾ ಕೇಳಿ ನೋಡು."